ಅಟ್ಟಕ್ಕೆ ಹಾಕಿದ್ದು ಬ್ಯಾಕಪ್ ಅಲ್ಲ: ಕ್ಲಿಕ್‌ಹೌಸ್ ಜೊತೆ ಎಸ್3 ಬಳಸುವ ಬಗೆ

ಡಿಸ್ಕ್ 90 ಪರ್ಸೆಂಟ್ ತುಂಬಿತು ಅಂತ ಅಲರ್ಟ್ ಬರುವುದು ಯಾವಾಗಲೂ ಶನಿವಾರ ಸಂಜೆಯೇ. ಹೊಸ ಡಿಸ್ಕ್ ಹಾಕಿಸೋಣ ಅಂದರೆ ದುಡ್ಡು. ಹಳೆಯ ಡೇಟಾ ಅಳಿಸೋಣ ಅಂದರೆ ಆಡಿಟ್‌ನವರು ಬಿಡುವುದಿಲ್ಲ. ಆಗ ಯಾರಾದರೂ ಒಬ್ಬರು ಅಮೆಜಾನ್‌ನ ಕ್ಲೌಡ್ ಸ್ಟೋರೇಜ್ ಆದ ಎಸ್3 ಕಡೆ ಕೈ ತೋರಿಸಿ ಹೇಳುತ್ತಾರೆ: "ಹಳೇದನ್ನೆಲ್ಲ ಎಸ್3ಗೆ ತಳ್ಳಿಬಿಡೋಣ. ಬ್ಯಾಕಪ್ಪೂ ಆದ ಹಾಗಾಯ್ತು."

ಮೊದಲ ಮಾತು ಸರಿ. ಎರಡನೆಯದು ತಪ್ಪು. ಆ ತಪ್ಪನ್ನು ನಾನೂ ಮಾಡಿದ್ದೇನೆ. ಹಾಗಾಗಿಯೇ ಈ ಬರಹ.

ಉದಾಹರಣೆಗೆ ಕ್ಲಿಕ್‌ಹೌಸ್ ಇಟ್ಟುಕೊಂಡಿದ್ದೇನೆ. ರಷ್ಯಾದ ಯಾಂಡೆಕ್ಸ್ ಕಂಪನಿಯೊಳಗೆ ಹುಟ್ಟಿ, 2016ರಲ್ಲಿ ಓಪನ್ ಸೋರ್ಸ್ ಆದ ಡೇಟಾಬೇಸ್ ಇದು. ಲಾಗ್, ಕ್ಲಿಕ್ಕು, ಈವೆಂಟ್ ತರಹದ ಡೇಟಾ ರಾಶಿ ಬೀಳುವ ಕಡೆ ಬಹಳ ಜನ ಬಳಸುತ್ತಾರೆ. ಕಮಾಂಡುಗಳನ್ನು ಇಲ್ಲಿ ಮಾತಿನಲ್ಲೇ ಹೇಳುತ್ತೇನೆ. ಸಿಂಟ್ಯಾಕ್ಸ್ ಅನ್ನು ನಿಮ್ಮ ವರ್ಷನ್ನಿನ ಡಾಕ್ಯುಮೆಂಟೇಷನ್‌ನಲ್ಲಿ ನೋಡಿಕೊಳ್ಳಿ. ಯಾವ ಕೆಲಸ ಯಾಕೆ, ಎಲ್ಲಿ ಕಾಲು ಜಾರುತ್ತದೆ ಅನ್ನುವುದು ನನ್ನ ಪಾಲಿನ ಕೆಲಸ.

ಹೆಜ್ಜೆ 1: ಅಟ್ಟ ಬೇರೆ, ತಿಜೋರಿ ಬೇರೆ

ದಿನ ಬಳಸುವ ಪಾತ್ರೆ ಅಡುಗೆಮನೆಯ ಶೆಲ್ಫಿನಲ್ಲಿರುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಹಂಡೆ ಅಟ್ಟದ ಮೇಲಿರುತ್ತದೆ. ಟಿಯರಿಂಗ್ ಅಂದರೆ ಇಷ್ಟೇ. ಹೊಸ ಡೇಟಾ ವೇಗದ ಡಿಸ್ಕಿನಲ್ಲಿ, ಹಳೆಯದು ಅಗ್ಗದ ಆಬ್ಜೆಕ್ಟ್ ಸ್ಟೋರೇಜಿನಲ್ಲಿ. ಆದರೆ ಅಟ್ಟಕ್ಕೆ ಹಾಕಿದ ಹಂಡೆ ಒಂದೇ ಒಂದು. ಕೆಳಗೆ ಅದರ ಇನ್ನೊಂದು ಪ್ರತಿ ಇರುವುದಿಲ್ಲ. ಮನೆಗೆ ಬೆಂಕಿ ಬಿದ್ದರೆ ಅಟ್ಟವೂ ಹೋಗುತ್ತದೆ.

ಕ್ಲಿಕ್‌ಹೌಸ್ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಟಿಯರ್ ಬಕೆಟ್ (ಹಳೆಯ ಡೇಟಾ ಹೋಗಿ ಕೂರುವ ಎಸ್3 ಡಬ್ಬ) ಒಳಗೆ ಒಮ್ಮೆ ಇಣುಕಿ ನೋಡಿ. ಟೇಬಲ್ ಹೆಸರಿಲ್ಲ, ತಾರೀಕಿಲ್ಲ. ಮೂರಕ್ಷರದ ಫೋಲ್ಡರುಗಳು, ಅವುಗಳೊಳಗೆ ಬೆಕ್ಕು ಕೀಬೋರ್ಡ್ ಮೇಲೆ ನಡೆದ ಹಾಗಿನ ಉದ್ದುದ್ದ ಹೆಸರುಗಳು. ಯಾವ ಆಬ್ಜೆಕ್ಟ್ (ಎಸ್3ನಲ್ಲಿ ಫೈಲಿಗೆ ಹೇಳುವ ಹೆಸರು) ಯಾವ ಟೇಬಲ್ಲಿನ ಯಾವ ಕಾಲಮ್ಮಿಗೆ ಸೇರಿದ್ದು ಅನ್ನುವ ನಕ್ಷೆ ಇರುವುದು ಸರ್ವರ್‌ನ ಲೋಕಲ್ ಡಿಸ್ಕಿನಲ್ಲಿ, ಪುಟ್ಟ ಪುಟ್ಟ ಮೆಟಾಡೇಟಾ ಫೈಲುಗಳಾಗಿ. ಆ ಡಿಸ್ಕ್ ಸತ್ತರೆ ಬಕೆಟ್‌ನಲ್ಲಿ ಉಳಿಯುವುದು ಬೀಗದಕೈ ಕಳೆದುಹೋದ ಟ್ರಂಕುಗಳು.

ನನ್ನ ಕಥೆ ಇದಕ್ಕಿಂತ ಪೆದ್ದುತನದ್ದು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ನಮ್ಮದು ಒಂದೇ ಸರ್ವರ್, ಹಳೆಯ ಡೇಟಾ ಎಸ್3ನಲ್ಲಿ. ಒಂದು ಅಪ್‌ಗ್ರೇಡ್ ಪರೀಕ್ಷಿಸಬೇಕಿತ್ತು. ಪ್ರೊಡಕ್ಷನ್ (ನಿಜವಾಗಿ ಬಳಕೆಯಲ್ಲಿರುವ) ಸರ್ವರ್ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪ್ರತಿ, ತೆಗೆದೆ. ಅದರಿಂದ ಟೆಸ್ಟ್ ಸರ್ವರ್ ಒಂದನ್ನು ಎಬ್ಬಿಸಿದೆ. ಎಲ್ಲ ಟೇಬಲ್ಲೂ ಬಂತು, ಕ್ವೆರಿಯೂ ಓಡಿತು, ಖುಷಿಯಾಯಿತು. "ಟೆಸ್ಟ್ ತಾನೇ" ಅಂತ ಹಳೆಯ ನಾಲ್ಕು ಪಾರ್ಟಿಷನ್ (ತಾರೀಕಿನ ಪ್ರಕಾರ ಟೇಬಲ್ಲನ್ನು ಕಡಿದ ಭಾಗಗಳು) ಡ್ರಾಪ್ ಮಾಡಿ ಟೀ ಕುಡಿಯಲು ಹೋದೆ. ಕಾಲು ಗಂಟೆಯಲ್ಲಿ ಪ್ರೊಡಕ್ಷನ್ ರಿಪೋರ್ಟುಗಳು ಒಂದೊಂದಾಗಿ ಕೆಂಪಾದವು. ಎಸ್3ನಲ್ಲಿ ಆ ಕೀ (ಆಬ್ಜೆಕ್ಟಿನ ಹೆಸರು) ಇಲ್ಲವೇ ಇಲ್ಲ ಅನ್ನುವ ಎರರ್.

ಆಗಿದ್ದೇನೆಂದರೆ, ಸ್ನ್ಯಾಪ್‌ಶಾಟ್ ಜೊತೆ ಮೆಟಾಡೇಟಾ ಫೈಲುಗಳೂ ಬಂದಿದ್ದವು. ಅವು ತೋರಿಸುತ್ತಿದ್ದದ್ದು ಪ್ರೊಡಕ್ಷನ್ ಬಕೆಟ್ಟನ್ನೇ. ಟೆಸ್ಟ್ ಸರ್ವರ್ "ಇದು ನನ್ನದು" ಅಂತ ನಂಬಿ ಆಬ್ಜೆಕ್ಟುಗಳನ್ನು ನಿಜವಾಗಿಯೂ ಅಳಿಸಿತ್ತು. ಪುಣ್ಯಕ್ಕೆ ಮೂಲ ಲಾಗ್ ಫೈಲುಗಳು ಇನ್ನೊಂದು ಕಡೆ ಇದ್ದವು. ಮತ್ತೆ ತುಂಬಿಸಲು ಎರಡು ದಿನ ಹಿಡಿಯಿತು. ಸ್ನ್ಯಾಪ್‌ಶಾಟ್‌ನಿಂದ ಸರ್ವರ್ ಎಬ್ಬಿಸುವುದಿದ್ದರೆ ಅದಕ್ಕೆ ಟಿಯರ್ ಬಕೆಟ್ ಮೇಲೆ ಬರೆಯುವ, ಅಳಿಸುವ ಪರ್ಮಿಷನ್ ಕೊಡಲೇಬೇಡಿ. ಸರ್ವರ್ ಗೊಣಗಿದರೂ ಪರವಾಗಿಲ್ಲ.

"ನಮ್ಮಲ್ಲಿ ಎರಡು ರೆಪ್ಲಿಕಾ ಇದೆ" ಅನ್ನುವವರಿಗೂ ಒಂದು ಮಾತು. ರೆಪ್ಲಿಕಾ ಅಂದರೆ ಅದೇ ಡೇಟಾ ಇಟ್ಟುಕೊಂಡ ಇನ್ನೊಂದು ಸರ್ವರ್. ಒಂದು ಡಿಸ್ಕ್ ಕೈಕೊಟ್ಟರೆ ರೆಪ್ಲಿಕಾ ಕಾಪಾಡುತ್ತದೆ. ಕ್ಲಸ್ಟರ್ ಪೂರ್ತಿ ಟೇಬಲ್ ಡ್ರಾಪ್ ಮಾಡಿದ ಕೈಯಿಂದ ಕಾಪಾಡುವುದಿಲ್ಲ. ತಪ್ಪು ಡಿಲೀಟ್ ಕೂಡ ಅಷ್ಟೇ ನಿಷ್ಠೆಯಿಂದ ಎರಡೂ ಕಡೆ ನಡೆಯುತ್ತದೆ.

ಹೆಜ್ಜೆ 2: ಏನನ್ನು ಯಾವಾಗ ಸರಿಸಬೇಕು?

"ಮೂರು ತಿಂಗಳಾದ ಮೇಲೆ ಸರಿಸೋಣ" ಅಂತ ಸುಮ್ನೆ ಅಂದಾಜಿನಲ್ಲಿ ಹೇಳಬೇಡಿ. ಕ್ಲಿಕ್‌ಹೌಸ್‌ನ ಕ್ವೆರಿ ಲಾಗ್ ಟೇಬಲ್ ತೆಗೆದು, ಜನ ಎಷ್ಟು ಹಿಂದಿನ ತಾರೀಕಿನವರೆಗೆ ಕೇಳುತ್ತಿದ್ದಾರೆ ನೋಡಿ. ಡ್ಯಾಶ್‌ಬೋರ್ಡುಗಳೆಲ್ಲ ಕೊನೆಯ 30 ದಿನದ್ದೇ ಆಗಿದ್ದರೆ 45 ದಿನಕ್ಕೆ ಸರಿಸಬಹುದು. ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನವರು ಹಿಂದಿನ ಕ್ವಾರ್ಟರ್ ತೆಗೆಯುವ ರೂಢಿ ಇದ್ದರೆ 100 ದಿನ ಇಟ್ಟುಕೊಳ್ಳಿ. ಎಷ್ಟು ದಿನಕ್ಕೆ ಪೂರ್ತಿ ಅಳಿಸಬಹುದು ಅನ್ನುವುದನ್ನೂ ಈಗಲೇ ಕೇಳಿಕೊಳ್ಳಿ. ಭಾರತದಲ್ಲಿ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಿಸ್ಟಮ್ ಲಾಗುಗಳನ್ನು 180 ದಿನ ಇಡಬೇಕು. ನಿಮ್ಮ ಟೇಬಲ್ಲಿನಲ್ಲಿ ಅಂಥ ಲಾಗ್ ಇದ್ದರೆ 90 ದಿನಕ್ಕೆ ಅಳಿಸುವ ಹಾಗಿಲ್ಲ.

ಪಾರ್ಟಿಷನ್ ಹೇಗಿದೆ ಅನ್ನುವುದೂ ಮುಖ್ಯ. ಕ್ಲಿಕ್‌ಹೌಸ್ ಸಾಲು ಸಾಲಾಗಿ ಸರಿಸುವುದಿಲ್ಲ, ಪಾರ್ಟ್ (ಪಾರ್ಟಿಷನ್ ಒಳಗೆ ಡಿಸ್ಕಿನಲ್ಲಿ ಕೂರುವ ತುಂಡು) ಪೂರ್ತಿ ಸರಿಸುತ್ತದೆ. ಒಂದು ಪಾರ್ಟಿನ ಎಲ್ಲ ಸಾಲುಗಳಿಗೂ ವಯಸ್ಸಾದ ಮೇಲೆಯೇ ಅದು ಜಾಗ ಬಿಡುತ್ತದೆ. ತಿಂಗಳಿಗೊಂದು ಪಾರ್ಟಿಷನ್ ಇದ್ದು, 45 ದಿನದ ನಿಯಮ ಹಾಕಿದರೆ, 1ನೇ ತಾರೀಕಿನ ಡೇಟಾ 75 ದಿನದ ತನಕವೂ ಡಿಸ್ಕಿನಲ್ಲೇ ಕೂತಿರಬಹುದು. ಡಿಸ್ಕ್ ಲೆಕ್ಕ ಹಾಕುವಾಗ ಈ ಹೆಚ್ಚುವರಿ ತಿಂಗಳನ್ನು ಮರೆಯಬೇಡಿ. ಹಾಗಂತ ಗಂಟೆಗೊಂದು ಪಾರ್ಟಿಷನ್ ಮಾಡಬೇಡಿ. ಪಾರ್ಟ್ ಚಿಕ್ಕದಾದಷ್ಟೂ ಆಬ್ಜೆಕ್ಟುಗಳ ಸಂಖ್ಯೆ ಜಾಸ್ತಿ. ಎಸ್3ನಲ್ಲಿ ಪ್ರತಿ ರಿಕ್ವೆಸ್ಟಿಗೂ ಕಾಸು. ಜಿಬಿ ಲೆಕ್ಕ ಮಾತ್ರ ಹಾಕಿದವರು ತಿಂಗಳ ಬಿಲ್ ನೋಡಿ ಹೌಹಾರುವುದು ಇಲ್ಲೇ.

ಹೆಜ್ಜೆ 3: ಬಕೆಟ್ ಎರಡು ಮಾಡಿ, ಒಂದಲ್ಲ

ಟಿಯರಿಗೊಂದು, ಬ್ಯಾಕಪ್ಪಿಗೊಂದು. ಎರಡರ ಸ್ವಭಾವ ತದ್ವಿರುದ್ಧ. ಒಂದೇ ಬಕೆಟ್‌ನಲ್ಲಿ ಎರಡು ಫೋಲ್ಡರ್ ಮಾಡಿದರಾಯಿತು ಅನ್ನಿಸುತ್ತದೆ. ಬೇಡ.

ಟಿಯರ್ ಬಕೆಟ್ ಸರ್ವರ್ ಇರುವ ರೀಜನ್‌ನಲ್ಲೇ ಇರಲಿ. ಸರ್ವರ್ ಮುಂಬೈಯಲ್ಲಿದ್ದರೆ ಬಕೆಟ್ಟೂ ಮುಂಬೈ. ವರ್ಷನಿಂಗ್ (ಅಳಿಸಿದ, ಬದಲಿಸಿದ ಆಬ್ಜೆಕ್ಟುಗಳ ಹಳೆಯ ಪ್ರತಿ ಇಟ್ಟುಕೊಳ್ಳುವ ಸೌಲಭ್ಯ) ಆಫ್ ಮಾಡಿಡಿ. ಕ್ಲಿಕ್‌ಹೌಸ್ ಹಿನ್ನೆಲೆಯಲ್ಲಿ ಪಾರ್ಟುಗಳನ್ನು ಮರ್ಜ್ ಮಾಡುತ್ತಾ ಹಳೆಯದನ್ನು ಅಳಿಸುತ್ತಾ ಇರುತ್ತದೆ. ವರ್ಷನಿಂಗ್ ಆನ್ ಇದ್ದರೆ ಅಳಿಸಿದ್ದು ಯಾವುದೂ ಹೋಗುವುದಿಲ್ಲ, ಬಿಲ್ ಮಾತ್ರ ಬೆಳೆಯುತ್ತದೆ.

ಈ ಬಕೆಟ್ ಮೇಲೆ ಒಂದೇ ಒಂದು ಲೈಫ್‌ಸೈಕಲ್ ನಿಯಮ (ಇಷ್ಟು ದಿನಕ್ಕೆ ತಾನಾಗಿ ಅಳಿಸು ಅಥವಾ ಸರಿಸು ಅನ್ನುವ ಎಸ್3 ನಿಯಮ) ಸಾಕು: ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ (ತುಂಡು ತುಂಡಾಗಿ ಏರಿಸುವ) ಅಪ್‌ಲೋಡುಗಳನ್ನು 7 ದಿನಕ್ಕೆ ತೆಗೆದುಹಾಕು. ಅರ್ಧಕ್ಕೆ ನಿಂತ ತುಂಡುಗಳು ಸಾಮಾನ್ಯ ಲಿಸ್ಟಿನಲ್ಲಿ ಕಾಣುವುದೇ ಇಲ್ಲ, ಆದರೆ ಬಾಡಿಗೆ ಬೀಳುತ್ತಿರುತ್ತದೆ. ಬಾಡಿಗೆ ಕಟ್ಟುವ ದೆವ್ವದ ಮನೆ ಇದ್ದ ಹಾಗೆ. ಇದನ್ನು ಬಿಟ್ಟು "90 ದಿನಕ್ಕೆ ಗ್ಲೇಸಿಯರ್" ತರಹದ ಜಾಣತನ ಇಲ್ಲಿ ಬೇಡ. ಎಸ್3ನ ಅಗ್ಗದ ಆರ್ಕೈವ್ ಕ್ಲಾಸುಗಳಾದ ಗ್ಲೇಸಿಯರ್ ಫ್ಲೆಕ್ಸಿಬಲ್ ಅಥವಾ ಡೀಪ್ ಆರ್ಕೈವ್‌ಗೆ ಹೋದ ಆಬ್ಜೆಕ್ಟನ್ನು ತಕ್ಷಣ ಓದಲು ಆಗುವುದಿಲ್ಲ, ಮೊದಲು ಹೊರತೆಗೆಸಬೇಕು. ಅದು ಕ್ಲಿಕ್‌ಹೌಸ್‌ಗೆ ಗೊತ್ತಿಲ್ಲ. ಕ್ವೆರಿ ಎರರ್ ಕೊಟ್ಟು ಮಲಗುತ್ತದೆ. ಇನ್ನು ದಿನ ಲೆಕ್ಕದಲ್ಲಿ ಅಳಿಸುವ ನಿಯಮ ಹಾಕಿದರಂತೂ ಕೂತ ಕೊಂಬೆಯನ್ನೇ ಕಡಿದ ಹಾಗೆ.

ಬ್ಯಾಕಪ್ ಬಕೆಟ್ ಸಾಧ್ಯವಾದರೆ ಬೇರೆ ಅಕೌಂಟಿನಲ್ಲೇ ಇರಲಿ, ಬೇರೆ ರೀಜನ್‌ನಲ್ಲಿದ್ದರೆ ಇನ್ನೂ ಒಳ್ಳೆಯದು. ಮುಂಬೈಯಲ್ಲಿ ಸರ್ವರ್ ಇದ್ದವರಿಗೆ 2022ರಿಂದ ಹೈದರಾಬಾದ್ ಇದೆ, ಡೇಟಾ ದೇಶ ಬಿಟ್ಟು ಹೋಗಬೇಕಿಲ್ಲ. ಬೇರೆ ಅಕೌಂಟ್ ಯಾಕೆ ಅಂದರೆ ಕೋಡ್ ಸ್ಪೇಸಸ್ ಕಥೆ ಕೇಳಿ. 2014ರ ಜೂನ್‌ನಲ್ಲಿ ಆ ಕಂಪನಿಯ ಅಮೆಜಾನ್ ಕಂಟ್ರೋಲ್ ಪ್ಯಾನೆಲ್ ಒಬ್ಬ ದಾಳಿಕೋರನ ಕೈಗೆ ಸಿಕ್ಕಿತು. ಡಿಸ್ಕ್, ಸ್ನ್ಯಾಪ್‌ಶಾಟ್, ಎಸ್3 ಬಕೆಟ್, ಬ್ಯಾಕಪ್, ಬಹುತೇಕ ಎಲ್ಲವನ್ನೂ ಅವನು ಅಳಿಸಿಹಾಕಿದ. ಕಂಪನಿ ಬಾಗಿಲು ಹಾಕಿತು. ತಿಜೋರಿಯ ಬೀಗದಕೈಯನ್ನು ಮನೆಯ ಬೀಗದಕೈ ಗೊಂಚಲಿಗೇ ಸಿಕ್ಕಿಸಿದರೆ ಆಗುವುದು ಇದೇ.

ಇಲ್ಲಿ ವರ್ಷನಿಂಗ್ ಆನ್ ಇರಲಿ. ಪರ್ಮಿಷನ್ ಕೊಡುವಾಗ ಒಂದು ಸೂಕ್ಷ್ಮವಿದೆ. "ಬ್ಯಾಕಪ್ ಯೂಸರ್‌ಗೆ ಡಿಲೀಟ್ ಬೇಡವೇ ಬೇಡ" ಅಂತ ಬಿಗಿ ಮಾಡಿದರೆ ಬ್ಯಾಕಪ್ಪೇ ಮುಗಿಯುವುದಿಲ್ಲ. ಬರೆಯುವಾಗ ಕ್ಲಿಕ್‌ಹೌಸ್ ಒಂದು ಲಾಕ್ ಫೈಲ್ ಇಟ್ಟು, ಕೊನೆಗೆ ಅದನ್ನು ಅಳಿಸುತ್ತದೆ. ಆದ್ದರಿಂದ ಆಬ್ಜೆಕ್ಟ್ ಅಳಿಸುವ ಪರ್ಮಿಷನ್ ಕೊಡಿ, ವರ್ಷನ್ ಅಳಿಸುವ ಪರ್ಮಿಷನ್ ಕೊಡಬೇಡಿ. ಎಸ್3ನಲ್ಲಿ ಇವೆರಡೂ ಬೇರೆ ಬೇರೆ. ಆಗ ಯಾರಾದರೂ ಅಳಿಸಿದರೂ ಮೇಲೊಂದು ಡಿಲೀಟ್ ಮಾರ್ಕರ್ ಬೀಳುತ್ತದೆ ಅಷ್ಟೇ, ಕೆಳಗೆ ಡೇಟಾ ಹಾಗೇ ಇರುತ್ತದೆ. ಹಳೆಯ ವರ್ಷನ್ನುಗಳನ್ನು 15 ದಿನಕ್ಕೆ ತೆಗೆಯುವ ಲೈಫ್‌ಸೈಕಲ್ ನಿಯಮವನ್ನು ಬಕೆಟ್ ಅಕೌಂಟಿನವರೇ ಹಾಕಿಕೊಳ್ಳಲಿ.

ಇನ್ನೂ ಬಿಗಿ ಬೇಕಿದ್ದರೆ, ಹೇಳಿದ ಅವಧಿಯ ತನಕ ಅಳಿಸಲು ಬಿಡದ ಆಬ್ಜೆಕ್ಟ್ ಲಾಕ್ ಇದೆ. ಅದರಲ್ಲಿ ಗವರ್ನೆನ್ಸ್ ಮೋಡ್ ಆದರೆ ವಿಶೇಷ ಪರ್ಮಿಷನ್ ಇದ್ದವರು ಬೀಗ ತೆಗೆಯಬಹುದು. ಕಂಪ್ಲಯನ್ಸ್ ಮೋಡ್ ಆದರೆ ಅವಧಿ ಮುಗಿಯುವ ತನಕ ರೂಟ್ ಯೂಸರ್ ಕೂಡ ಅಳಿಸಲಾರ. ಕಂಪ್ಲಯನ್ಸ್‌ನಲ್ಲಿ 30 ದಿನದ ಬದಲು 3000 ದಿನ ಅಂತ ಟೈಪ್ ಮಾಡಿದರೆ ಏನಾಗುತ್ತದೆ ಯೋಚಿಸಿ. ಮೊದಲು ಒಂದು ಆಟದ ಬಕೆಟ್‌ನಲ್ಲಿ, ಒಂದು ದಿನದ ಅವಧಿ ಇಟ್ಟು ಬ್ಯಾಕಪ್ ಸಲೀಸಾಗಿ ಹೋಗುತ್ತದೆಯೇ ನೋಡಿಕೊಳ್ಳಿ.

ಹೆಜ್ಜೆ 4: ಡಿಸ್ಕ್, ಕ್ಯಾಶ್, ಪಾಲಿಸಿ

ಕಾನ್ಫಿಗ್‌ನಲ್ಲಿ ಮೂರು ಡಿಸ್ಕ್ ಇರಬೇಕು. ಈಗಾಗಲೇ ಇರುವ ಲೋಕಲ್ ಡಿಸ್ಕ್, ಅದರ ಹೆಸರು ಡಿಫಾಲ್ಟ್. ಎಸ್3 ಡಿಸ್ಕ್. ಎಸ್3 ಡಿಸ್ಕಿನ ಮೇಲೆ ಹೊದಿಸಿದ ಕ್ಯಾಶ್ ಡಿಸ್ಕ್, ಅಂದರೆ ಒಮ್ಮೆ ಓದಿದ್ದನ್ನು ಲೋಕಲ್ ಆಗಿ ಇಟ್ಟುಕೊಳ್ಳುವ ಜಾಗ. ಕ್ಯಾಶ್ ಇಲ್ಲದಿದ್ದರೆ ಹಳೆಯ ಡೇಟಾದ ಮೇಲೆ ಒಂದೇ ಕ್ವೆರಿಯನ್ನು ಹತ್ತು ಸಲ ಓಡಿಸಿದಾಗ ಹತ್ತು ಸಲವೂ ಎಸ್3ಗೆ ಹೋಗಿಬರುತ್ತದೆ. ಕ್ಯಾಶಿಗೆ ಗಾತ್ರದ ಮಿತಿ ಹಾಕುವುದನ್ನು ಮರೆಯಬೇಡಿ. ಡಿಸ್ಕ್ ಖಾಲಿ ಮಾಡಲು ಹೊರಟು ಕ್ಯಾಶ್‌ನಿಂದಲೇ ತುಂಬಿಸಿಕೊಂಡವರನ್ನು ಕಂಡಿದ್ದೇನೆ.

ಪ್ರತಿ ಸರ್ವರ್‌ಗೂ ಬಕೆಟ್ ಒಳಗೆ ಅದರದೇ ಪಾತ್ ಇರಲಿ. ಎರಡು ಸರ್ವರ್ ಒಂದೇ ಪಾತ್ ಹಂಚಿಕೊಳ್ಳಬಾರದು. ಝೀರೋ ಕಾಪಿ ರೆಪ್ಲಿಕೇಷನ್ ಅಂತ ಒಂದು ಸೌಲಭ್ಯ ಇದೆ, ಎರಡೂ ರೆಪ್ಲಿಕಾ ಒಂದೇ ಪ್ರತಿಯನ್ನು ಹಂಚಿಕೊಳ್ಳಲಿ ಅಂತ. ಪ್ರೊಡಕ್ಷನ್‌ಗೆ ಸಿದ್ಧವಿಲ್ಲ ಅಂತ ಕ್ಲಿಕ್‌ಹೌಸ್‌ನವರೇ ಅದನ್ನು ಡಿಫಾಲ್ಟ್ ಆಗಿ ಆಫ್ ಮಾಡಿದ್ದಾರೆ. ಅರ್ಧ ಬಿಲ್ ಉಳಿಯುತ್ತದೆ ಅಂತ ಆಸೆಪಡಬೇಡಿ.

ಆಕ್ಸೆಸ್ ಕೀಯನ್ನು ಕಾನ್ಫಿಗ್ ಫೈಲಿನಲ್ಲಿ ಬರೆದಿಡುವ ಬದಲು ಸರ್ವರ್‌ಗೆ ಕೊಟ್ಟ ರೋಲ್‌ನಿಂದಲೇ ಅನುಮತಿ ಸಿಗುವಂತೆ ಮಾಡಿ. ಸರ್ವರ್ ಪ್ರೈವೇಟ್ ಸಬ್‌ನೆಟ್‌ನಲ್ಲಿದ್ದರೆ (ಇಂಟರ್ನೆಟ್ಟಿಗೆ ನೇರ ದಾರಿ ಇಲ್ಲದ ನೆಟ್‌ವರ್ಕ್) ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಹಾಕಿಸಿ. ಅದು ಪುಕ್ಕಟೆ. ಇಲ್ಲದಿದ್ದರೆ ಎಲ್ಲ ಟ್ರಾಫಿಕ್ಕೂ ನ್ಯಾಟ್ ಗೇಟ್‌ವೇ ಮೂಲಕ ಹೋಗಿ, ಜಿಬಿ ಲೆಕ್ಕದಲ್ಲಿ ಸುಂಕ ಕಟ್ಟಬೇಕಾಗುತ್ತದೆ.

ಈಗ ಸ್ಟೋರೇಜ್ ಪಾಲಿಸಿ, ಅಂದರೆ ಟೇಬಲ್ಲಿನ ಡೇಟಾ ಯಾವ ಡಿಸ್ಕುಗಳಲ್ಲಿ, ಯಾವ ಕ್ರಮದಲ್ಲಿ ಕೂರಬೇಕು ಅನ್ನುವ ನಿಯಮ. ಎರಡು ವಾಲ್ಯೂಮ್ (ಡಿಸ್ಕುಗಳ ಗುಂಪು): ಬಿಸಿಯದು (ಲೋಕಲ್ ಡಿಸ್ಕ್) ಮೊದಲು, ತಣ್ಣನೆಯದು (ಕ್ಯಾಶ್ ಹೊದಿಸಿದ ಎಸ್3) ನಂತರ. ಬಿಸಿ ವಾಲ್ಯೂಮಿಗೆ "ಹಾಟ್" ಅಂತ ಹೆಸರಿಡುವ ಆಸೆ ಎಲ್ಲರಿಗೂ. ಆದರೆ ಈಗಾಗಲೇ ಇರುವ ಟೇಬಲ್ಲಿಗೆ ಹೊಸ ಪಾಲಿಸಿ ಹಚ್ಚುವಾಗ, ಹಳೆಯ ಪಾಲಿಸಿಯ ವಾಲ್ಯೂಮುಗಳೆಲ್ಲ ಹೊಸದರಲ್ಲಿ ಅದೇ ಹೆಸರಿನಲ್ಲಿ ಇರಲೇಬೇಕು. ಹಳೆಯದರ ಹೆಸರು ಡಿಫಾಲ್ಟ್. ಹಾಗಾಗಿ ಮೊದಲ ವಾಲ್ಯೂಮಿಗೂ ಡಿಫಾಲ್ಟ್ ಅಂತಲೇ ಹೆಸರಿಡಿ. ಈ ಒಂದು ಸಾಲು ನನಗೆ ಮೊದಲೇ ಗೊತ್ತಿದ್ದರೆ ಒಂದು ಮಧ್ಯಾಹ್ನ ಉಳಿಯುತ್ತಿತ್ತು.

ಮೂವ್ ಫ್ಯಾಕ್ಟರ್ ಅಂತ ಒಂದು ಅಂಕಿ ಇದೆ. ಹಾಗೇ ಬಿಟ್ಟರೆ 0.1. ಅಂದರೆ ಡಿಸ್ಕಿನ ಖಾಲಿ ಜಾಗ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆಯಾದರೆ, ವಯಸ್ಸು ನೋಡದೆ ಪಾರ್ಟುಗಳನ್ನು ಮುಂದಿನ ವಾಲ್ಯೂಮಿಗೆ ತಳ್ಳಲು ಶುರುಮಾಡುತ್ತದೆ. ಇದನ್ನು ಕೊನೆಯ ಕಟ್ಟೆ ಅಂತ ಇಟ್ಟುಕೊಳ್ಳಿ, ದಿನದ ದಾರಿ ಅಂತ ಅಲ್ಲ.

ಹೆಜ್ಜೆ 5: ಒಂದು ಪಾರ್ಟಿಷನ್ ಕೈಯಾರೆ ಸರಿಸಿ, ಆಮೇಲೆ ನಿಯಮ

ನೇರವಾಗಿ ಟಿಟಿಎಲ್ (ಇಷ್ಟು ದಿನವಾದರೆ ಸರಿಸು ಅಥವಾ ಅಳಿಸು ಅನ್ನುವ ಟೇಬಲ್ ನಿಯಮ) ಹಾಕಬೇಡಿ. ಹಳೆಯ ಒಂದೇ ಒಂದು ಪಾರ್ಟಿಷನ್ ಆರಿಸಿ, ಮೂವ್ ಪಾರ್ಟಿಷನ್ ಕಮಾಂಡ್‌ನಿಂದ ತಣ್ಣನೆಯ ವಾಲ್ಯೂಮಿಗೆ ಕಳಿಸಿ. ಎಷ್ಟು ಹೊತ್ತು ಹಿಡಿಯಿತು, ನೆಟ್‌ವರ್ಕ್ ಎಷ್ಟು ತಿಂದಿತು ಬರೆದುಕೊಳ್ಳಿ. ಸಿಸ್ಟಮ್ ಡೇಟಾಬೇಸಿನ ಪಾರ್ಟ್ಸ್ ಟೇಬಲ್ಲಿನಲ್ಲಿ ಡಿಸ್ಕ್ ಹೆಸರು ಬದಲಾಗಿದೆಯೇ ನೋಡಿ. ಅದೇ ಪಾರ್ಟಿಷನ್ ಮೇಲೆ ನಿಮ್ಮ ಅತಿ ಭಾರದ ಕ್ವೆರಿಯನ್ನು ಎರಡು ಸಲ ಓಡಿಸಿ. ಮೊದಲನೆಯದು ನಿಧಾನ, ಎರಡನೆಯದು ಕ್ಯಾಶ್‌ನಿಂದ ವೇಗ. ಈ ಎರಡು ಅಂಕಿಗಳನ್ನು ರಿಪೋರ್ಟ್ ನೋಡುವವರಿಗೆ ಮೊದಲೇ ತೋರಿಸಿದರೆ ಆಮೇಲಿನ ಜಗಳ ತಪ್ಪುತ್ತದೆ.

ಅದಾದ ಮೇಲೆ ಟಿಟಿಎಲ್. ಟೇಬಲ್ಲಿಗೆ ಟಿಟಿಎಲ್ ಸೇರಿಸಿದ ಕೂಡಲೇ, ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ, ಹಳೆಯ ಎಲ್ಲ ಪಾರ್ಟುಗಳ ಮೇಲೂ ಮ್ಯುಟೇಷನ್, ಅಂದರೆ ಹಿನ್ನೆಲೆಯ ತಿದ್ದುಪಡಿ ಕೆಲಸ, ಶುರುವಾಗುತ್ತದೆ. ಟಿಬಿಗಟ್ಟಲೆ ಇರುವ ಟೇಬಲ್ಲಿನ ಮೇಲೆ ಹಗಲು ಹೊತ್ತು ಇದನ್ನು ಮಾಡಿದರೆ ಸರ್ವರ್ ಏದುಸಿರು ಬಿಡುತ್ತದೆ. ಟಿಟಿಎಲ್ ಬದಲಾದಾಗ ತಾನಾಗಿ ಮೆಟೀರಿಯಲೈಸ್ ಮಾಡುವ (ಹಳೆಯ ಪಾರ್ಟುಗಳಿಗೂ ಅನ್ವಯಿಸುವ) ಸೆಟ್ಟಿಂಗ್ ಅನ್ನು ಸೊನ್ನೆ ಮಾಡಿ. ಆಮೇಲೆ ರಾತ್ರಿ ಹೊತ್ತಿನಲ್ಲಿ ಒಂದೊಂದೇ ಪಾರ್ಟಿಷನ್ನಿಗೆ ಮೆಟೀರಿಯಲೈಸ್ ಕಮಾಂಡ್ ಕೊಡಿ.

ಬ್ಯಾಕ್‌ಫಿಲ್ (ಹಳೆಯ ಡೇಟಾವನ್ನು ಆಮೇಲೆ ತುಂಬಿಸುವುದು) ಮಾಡುವವರು ಇದನ್ನೂ ನೆನಪಿಡಿ. ಆಗಲೇ ವಯಸ್ಸಾದ ಡೇಟಾವನ್ನು ಈಗ ಇನ್ಸರ್ಟ್ ಮಾಡಿದರೆ ಅದು ಬಿಸಿ ಡಿಸ್ಕ್ ಮುಟ್ಟದೆ ನೇರ ಎಸ್3ಗೇ ಹೋಗುತ್ತದೆ. ಸಣ್ಣ ಸಣ್ಣ ಪಾರ್ಟ್, ಅದರ ಮೇಲೆ ಎಸ್3ನಲ್ಲೇ ಮರ್ಜ್. ಇನ್ಸರ್ಟ್ ಆಮೆ ನಡಿಗೆಯಾಗುತ್ತದೆ. ವಾಲ್ಯೂಮ್ ಮೇಲೆ ಇದನ್ನು ತಡೆಯುವ ಸೆಟ್ಟಿಂಗ್ ಇದೆ. ಅದನ್ನು ಸೊನ್ನೆ ಮಾಡಿದರೆ ಮೊದಲು ಲೋಕಲ್ ಡಿಸ್ಕಿಗೆ ಬಿದ್ದು, ಆಮೇಲೆ ಹಿನ್ನೆಲೆಯಲ್ಲಿ ಸರಿಯುತ್ತದೆ.

ಹೆಜ್ಜೆ 6: ಈಗ ನಿಜವಾದ ಬ್ಯಾಕಪ್

ಕ್ಲಿಕ್‌ಹೌಸ್‌ನಲ್ಲೇ ಬ್ಯಾಕಪ್ ಕಮಾಂಡ್ ಇದೆ, ನೇರ ಎಸ್3ಗೆ ಬರೆಯುತ್ತದೆ. ನಾನು ಹೇಳುವ ಕ್ರಮ: ಭಾನುವಾರ ಪೂರ್ತಿ ಬ್ಯಾಕಪ್, ಉಳಿದ ಆರು ದಿನ ಇನ್‌ಕ್ರಿಮೆಂಟಲ್ (ಬೇಸ್ ಆದ ಬ್ಯಾಕಪ್‌ನಿಂದ ಈಚೆಗೆ ಬದಲಾದದ್ದು ಮಾತ್ರ). ಆರು ದಿನವೂ ಭಾನುವಾರದ್ದನ್ನೇ ಬೇಸ್ ಅಂತ ಕೊಡಿ, ನಿನ್ನೆಯದನ್ನಲ್ಲ. ಜಾಗ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಆದರೆ ನಿನ್ನೆಯದಕ್ಕೆ ಮೊನ್ನೆಯದು, ಮೊನ್ನೆಯದಕ್ಕೆ ಆಚೆಮೊನ್ನೆಯದು ಅಂತ ಸರಪಳಿ ಕಟ್ಟಿದರೆ, ಒಂದು ಕೊಂಡಿ ಕಳಚಿದರೂ ಅಲ್ಲಿಂದ ಮುಂದಿನದ್ದೆಲ್ಲ ಕಸ.

ತಣ್ಣನೆಯ ವಾಲ್ಯೂಮಿನ ಡೇಟಾವೂ ಬ್ಯಾಕಪ್ಪಿಗೆ ಸೇರುತ್ತದೆ, ಸೇರಬೇಕು ಕೂಡ. "ಅದು ಆಗಲೇ ಎಸ್3ನಲ್ಲಿದೆಯಲ್ಲ" ಅಂತ ಬಿಡಬೇಡಿ. ನನ್ನ ನಾಲ್ಕು ಪಾರ್ಟಿಷನ್ ನೆನಪಿಸಿಕೊಳ್ಳಿ.

ಹಳೆಯ ಬ್ಯಾಕಪ್ ಅಳಿಸುವ ನಿಯಮದಲ್ಲಿ ಬಹಳ ಜನ ಎಡವುತ್ತಾರೆ. ಇಡೀ ಬಕೆಟ್ಟಿಗೆ "30 ದಿನಕ್ಕೆ ಅಳಿಸು" ಅಂತ ಹಾಕಿದಿರಿ ಅನ್ನಿ. ಭಾನುವಾರದ ಬೇಸ್ 30ನೇ ದಿನ ಹೋಗುತ್ತದೆ. ಅದೇ ವಾರದ ಶನಿವಾರದ ಇನ್‌ಕ್ರಿಮೆಂಟಲ್‌ಗೆ ಅಂದು ಇನ್ನೂ 24 ದಿನ. ಫೈಲ್ ಇದೆ, ರಿಸ್ಟೋರ್ ಆಗುವುದಿಲ್ಲ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಪಾತ್ ಕೊಟ್ಟು, ಇನ್‌ಕ್ರಿಮೆಂಟಲ್‌ಗೆ 30 ದಿನ, ಪೂರ್ತಿ ಬ್ಯಾಕಪ್ಪಿಗೆ 37 ದಿನ ಇಡಿ.

ಎಸ್3ನ ಅಗ್ಗದ ಸ್ಟೋರೇಜ್ ಕ್ಲಾಸ್ ಆರಿಸುವಾಗ ಸಣ್ಣಕ್ಷರ ಓದಿ. ಸ್ಟ್ಯಾಂಡರ್ಡ್ ಐಎ (ಅಪರೂಪಕ್ಕೆ ತೆಗೆಯುವ ಡೇಟಾದ ಕ್ಲಾಸ್) ಕನಿಷ್ಠ 30 ದಿನದ ಬಾಡಿಗೆ ಹಿಡಿಯುತ್ತದೆ. 128 ಕೆಬಿಗಿಂತ ಚಿಕ್ಕ ಆಬ್ಜೆಕ್ಟಿಗೂ 128 ಕೆಬಿಯ ಬಾಡಿಗೆಯೇ. ಬ್ಯಾಕಪ್‌ನಲ್ಲಿ ಪುಟಾಣಿ ಫೈಲುಗಳು ಹೇರಳ, ಆದ್ದರಿಂದ ಲಾಭ ಅಂದುಕೊಂಡದ್ದು ನಷ್ಟವಾಗಬಹುದು. ಡೀಪ್ ಆರ್ಕೈವ್‌ನಲ್ಲಿ ಕನಿಷ್ಠ 180 ದಿನದ ಬಾಡಿಗೆ, ಹೊರತೆಗೆಯಲು ಮಾಮೂಲಿ ದಾರಿಯಲ್ಲಿ 12 ಗಂಟೆ, ಅಗ್ಗದ ದಾರಿಯಲ್ಲಿ 48 ಗಂಟೆಯವರೆಗೆ. ವರ್ಷದ ಕೊನೆಯ ಪ್ರತಿಗೆ ಸರಿ, ಈ ವಾರದ ಬೇಸ್‌ಗೆ ಖಂಡಿತ ಅಲ್ಲ. ಬೇಸ್ ಓದಲಾಗದಿದ್ದರೆ ಇವತ್ತಿನ ಇನ್‌ಕ್ರಿಮೆಂಟಲ್ಲೂ ನಿಲ್ಲುತ್ತದೆ.

ಕಾನ್ಫಿಗ್ ಫೈಲುಗಳು ಡೇಟಾಬೇಸ್ ಬ್ಯಾಕಪ್ಪಿನಲ್ಲಿ ಇರುವುದಿಲ್ಲ. ಅವನ್ನು ಗಿಟ್‌ನಲ್ಲಿಡಿ. ಬಕೆಟ್ಟನ್ನು ನಿಮ್ಮದೇ ಕೆಎಂಎಸ್ (ಅಮೆಜಾನ್‌ನ ಕೀ ನಿರ್ವಹಣೆ ಸೇವೆ) ಕೀಯಿಂದ ಎನ್‌ಕ್ರಿಪ್ಟ್ ಮಾಡಿದ್ದರೆ, ಆ ಕೀ ಅಳಿಸಿದವರು ಬ್ಯಾಕಪ್ ಅಳಿಸಿದಂತೆಯೇ.

ಹೆಜ್ಜೆ 7: ರಿಸ್ಟೋರ್ ಮಾಡಿ ನೋಡಿ, ಬೆಂಕಿ ಬೀಳುವ ಮೊದಲು

ಬೆಂಕಿ ಬಿದ್ದಾಗ ಬಾವಿ ತೋಡಬಾರದು. ಮೂರು ತಿಂಗಳಿಗೊಮ್ಮೆ ಖಾಲಿ ಸರ್ವರ್ ಒಂದನ್ನು ಎಬ್ಬಿಸಿ, ಬ್ಯಾಕಪ್ ಬಕೆಟ್‌ನಿಂದ ರಿಸ್ಟೋರ್ ಮಾಡಿ. ಟೇಬಲ್ ಮೇಲೆ ಹಚ್ಚಿದ ಸ್ಟೋರೇಜ್ ಪಾಲಿಸಿ ಹೊಸ ಸರ್ವರ್‌ನಲ್ಲೂ ಅದೇ ಹೆಸರಿನಲ್ಲಿ ಇರಬೇಕು, ಇಲ್ಲವಾದರೆ ಟೇಬಲ್ ಸೃಷ್ಟಿಯಾಗುವ ಹಂತದಲ್ಲೇ ನಿಲ್ಲುತ್ತದೆ. ಆದರೆ ಆ ಪಾಲಿಸಿ ತೋರಿಸುವುದು ಬೇರೆ ಆಟದ ಬಕೆಟ್ಟನ್ನು. ರಿಸ್ಟೋರ್ ಆದ ಮೇಲೆ ದಿನವಾರು ಸಾಲುಗಳ ಎಣಿಕೆ, ಒಂದೆರಡು ಮುಖ್ಯ ಮೊತ್ತ, ಎರಡೂ ಕಡೆ ತಾಳೆ ನೋಡಿ.

ಗಡಿಯಾರವನ್ನೂ ನೋಡಿ. 1 ಜಿಬಿಪಿಎಸ್ ಲೈನಿನಲ್ಲಿ, ಎಲ್ಲವೂ ಸುಸೂತ್ರವಾಗಿ ಹೋದರೂ, 1 ಟಿಬಿ ಇಳಿಯಲು ಎರಡೂಕಾಲು ಗಂಟೆ ಬೇಕು. 4 ಟಿಬಿಗೆ ಸುಮಾರು 9 ಗಂಟೆ. ಮ್ಯಾನೇಜರ್‌ಗೆ "ಒಂದು ಗಂಟೆಯಲ್ಲಿ ಎದ್ದು ನಿಲ್ಲುತ್ತೇವೆ" ಅಂತ ಮಾತು ಕೊಟ್ಟಿದ್ದರೆ ಈ ಗುಣಾಕಾರವನ್ನು ಅವರಿಗೂ ತೋರಿಸಿ. ಒಂದು ಉಪಾಯ ಇದೆ: ಮೊದಲು ಕೊನೆಯ 30 ದಿನದ ಪಾರ್ಟಿಷನ್‌ಗಳನ್ನು ಮಾತ್ರ ರಿಸ್ಟೋರ್ ಮಾಡಿ ಡ್ಯಾಶ್‌ಬೋರ್ಡ್ ಎಬ್ಬಿಸಿ, ಹಳೆಯದು ನಿಧಾನಕ್ಕೆ ಬರಲಿ.

ಹೆಜ್ಜೆ 8: ಅಲರ್ಟ್ ಯಾವುದಕ್ಕೆ?

2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಒಬ್ಬ ಎಂಜಿನಿಯರ್ ತಪ್ಪಾಗಿ ಮುಖ್ಯ ಡೇಟಾಬೇಸ್ ಸರ್ವರ್‌ನ ಡೇಟಾ ಅಳಿಸಿದರು. ಸುಮಾರು 300 ಜಿಬಿ. ಬ್ಯಾಕಪ್ ತೆಗೆಯೋಣ ಅಂತ ಎಸ್3 ಬಕೆಟ್ ನೋಡಿದರೆ ಅದು ಖಾಲಿ. ಡೇಟಾಬೇಸ್ ಇದ್ದದ್ದು ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ಸ್ಕ್ರಿಪ್ಟ್ ಓಡಿಸುತ್ತಿದ್ದ ಉಪಕರಣ 9.2ರದ್ದು. ವರ್ಷನ್ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಈಮೇಲ್ ಹೋಗುತ್ತಿತ್ತು ನಿಜ, ಆದರೆ ಮೇಲ್ ಅಸಲಿಯೇ ಅಂತ ನೋಡುವ ಡಿಮಾರ್ಕ್ ಪರೀಕ್ಷೆ ದಾಟಲಿಲ್ಲ ಅಂತ ಆ ಮೇಲ್‌ಗಳನ್ನು ಮೇಲ್ ಸರ್ವರ್ ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಕೊನೆಗೆ ಅವರನ್ನು ಉಳಿಸಿದ್ದು, ಬೇರೆ ಕೆಲಸಕ್ಕಾಗಿ ಆರು ಗಂಟೆ ಮೊದಲು ಯಾರೋ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಇದನ್ನೆಲ್ಲ ಮುಚ್ಚಿಡದೆ ಅವರೇ ಬರೆದು ಪ್ರಕಟಿಸಿದರು, ಅದಕ್ಕೆ ಅವರನ್ನು ಮೆಚ್ಚಬೇಕು.

ಹಾಗಾಗಿ "ಬ್ಯಾಕಪ್ ಸೋತರೆ ಮೇಲ್ ಕಳಿಸು" ಅಂತ ಮಾತ್ರ ಇಡಬೇಡಿ. ಅಲರ್ಟ್ ಇರಬೇಕಾದದ್ದು ಯಶಸ್ಸು ಕಾಣದಿದ್ದಾಗ. ಕ್ಲಿಕ್‌ಹೌಸ್‌ನ ಬ್ಯಾಕಪ್ಸ್ ಸಿಸ್ಟಮ್ ಟೇಬಲ್ ಸರ್ವರ್ ರೀಸ್ಟಾರ್ಟ್ ಆದರೆ ಖಾಲಿಯಾಗುತ್ತದೆ, ಅದನ್ನೊಂದೇ ನಂಬಬೇಡಿ. ಬೇರೆ ಯಂತ್ರದಿಂದ, ಬೇರೆ ಯೂಸರ್‌ನಿಂದ, ಬ್ಯಾಕಪ್ ಬಕೆಟ್ಟನ್ನೇ ಗಂಟೆಗೊಮ್ಮೆ ನೋಡುವ ಚಿಕ್ಕ ಸ್ಕ್ರಿಪ್ಟ್ ಇರಲಿ. ಕೊನೆಯ ಬ್ಯಾಕಪ್ಪಿನ ವಯಸ್ಸೆಷ್ಟು, ಗಾತ್ರ ಹಿಂದಿನ ವಾರದ ಇದೇ ದಿನದ್ದಕ್ಕಿಂತ ವಿಪರೀತ ಕುಗ್ಗಿದೆಯೇ, ಇವೆರಡೇ ಪ್ರಶ್ನೆ. ವಯಸ್ಸು 26 ಗಂಟೆ ದಾಟಿದರೆ ಮೇಲ್ ಬೇಡ, ಯಾರದಾದರೂ ಫೋನ್ ರಿಂಗ್ ಆಗಲಿ. ಶನಿವಾರ ಸಂಜೆಯಾದರೂ ಸರಿಯೇ.